ಜುಲೈನಲ್ಲಿ ಜಾಯನ್‌ನಲ್ಲಿ ಟೆಂಟ್ ಹಾಕಬಹುದಾ? ಮೊದಲು ಎತ್ತರ ನೋಡಿ

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮೈಸೂರಿನಿಂದ ಅಪ್ಪ ಅಮ್ಮ ಬಂದಿದ್ದಾರೆ. ಅಪ್ಪನಿಗೆ 69, ಬಿಪಿಗೆ ಮಾತ್ರೆ ತಗೊಳ್ತಾರೆ. ಅಮ್ಮನಿಗೆ 64, ಮಂಡಿನೋವು. ಮಕ್ಕಳಿಗೆ 9 ಮತ್ತು 5 ವರ್ಷ. ಜುಲೈ ಕೊನೆಯ ವಾರ ಎಲ್ಲರೂ ಯೂಟಾ ರಾಜ್ಯಕ್ಕೆ ಹೋಗಿ ಟೆಂಟಿನಲ್ಲಿ ಇರೋಣ ಅಂತ ಆಸೆ. ಜಾಯನ್ ನ್ಯಾಷನಲ್ ಪಾರ್ಕಿನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಲ್ಲಿ ನದಿ ಹತ್ತಿರದ ಸೈಟ್ ನಾಲ್ಕು ರಾತ್ರಿಗೆ ಸಿಕ್ಕಿದೆ. "ಮರುಭೂಮಿ ಅಲ್ವಾ, ಹಗಲು ಎಷ್ಟೇ ಸುಟ್ಟರೂ ರಾತ್ರಿ ತಂಪು" ಎನ್ನುತ್ತಾರೆ ಗೆಳೆಯರು. ನನ್ನ ಹೆಂಡತಿ "ಬ್ರೈಸ್ ಕ್ಯಾನಿಯನ್ ನ್ಯಾಷನಲ್ ಪಾರ್ಕ್ ಕಡೆ ಕಾಡಿನಲ್ಲಿ ಇರೋಣ" ಅಂತಾಳೆ. ಅಲ್ಲಿ ಕರಡಿ ಇದೆ ಅಂತ ಅಮ್ಮನಿಗೆ ಭಯ. ನದಿಗೆ ಇದ್ದಕ್ಕಿದ್ದಂತೆ ನೀರು ಬರುತ್ತದಂತೆ ಅಂತ ನನಗೆ ಭಯ. ಯಾವುದನ್ನು ಆರಿಸಲಿ? ಸಿಕ್ಕಿರುವ ಬುಕಿಂಗ್ ಬಿಟ್ಟುಬಿಡಲಾ? ಇನ್ನೊಂದು, ಕುಕ್ಕರ್ ತಗೊಂಡು ಹೋಗಬಹುದಾ?

ಉತ್ತರ: ಕರಡಿ, ನೀರು ಎರಡಕ್ಕೂ ಬರುತ್ತೇನೆ. ಆದರೆ ನಿಮ್ಮ ಪತ್ರ ಓದುವಾಗ ನನ್ನನ್ನು ಹೆದರಿಸಿದ್ದು ಅವೆರಡೂ ಅಲ್ಲ. ಜುಲೈ ಕೊನೆಯ ವಾರ, ವಾಚ್‌ಮನ್, ನಾಲ್ಕು ರಾತ್ರಿ, ಬಿಪಿ ಮಾತ್ರೆ. ಇವು ನಾಲ್ಕೂ ಒಟ್ಟಿಗೆ ಬಂದವಲ್ಲ, ಅದು.

ಹದಿನೈದು ವರ್ಷದಿಂದ ಯೂಟಾ, ಅರಿಜೋನಾ ಕಡೆ ಕುಟುಂಬಗಳನ್ನು ಕ್ಯಾಂಪಿಂಗಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಬಹಳ ಜನ ಪಾರ್ಕಿನ ಹೆಸರು ನೋಡಿ ಜಾಗ ಬುಕ್ ಮಾಡುತ್ತಾರೆ. ಈ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಕ್ಯಾಂಪ್‌ಗ್ರೌಂಡ್ ಎಷ್ಟು ಅಡಿ ಎತ್ತರದಲ್ಲಿದೆ ಎಂಬುದನ್ನು. ಆಮೇಲೆ ಸೈಟಿನ ನೆರಳು. ಹೆಸರು ಕೊನೆಗೆ.

ವಾಚ್‌ಮನ್ ಇರುವುದು ಸುಮಾರು 3,900 ಅಡಿ ಎತ್ತರದಲ್ಲಿ. ಹೆಚ್ಚುಕಡಿಮೆ ನಮ್ಮ ಮಡಿಕೇರಿಯಷ್ಟು. ಮಡಿಕೇರಿ ಅಂದ ಕೂಡಲೇ ಮಂಜು ನೆನಪಾದರೆ ಅಲ್ಲೇ ಮೋಸ ಹೋಗುತ್ತೀರಿ. ಜುಲೈನಲ್ಲಿ ಜಾಯನ್ ಕಮರಿಯ ತಳದಲ್ಲಿ ಹಗಲು 38 ಡಿಗ್ರಿ ಸೆಲ್ಸಿಯಸ್ ಮಾಮೂಲು. 40 ದಾಟುವ ದಿನಗಳೂ ಬೇಕಾದಷ್ಟಿವೆ.

"ಮರುಭೂಮಿ ರಾತ್ರಿ ತಂಪು" ಅನ್ನೋದು ಪೂರ್ತಿ ಸುಳ್ಳಲ್ಲ. ಬಯಲು ಮರುಭೂಮಿಯಲ್ಲಿ ಗಾಳಿ ಒಣಗಿರುತ್ತದೆ, ಮೋಡ ಇರುವುದಿಲ್ಲ, ನೆಲದ ಕಾವು ಬೇಗ ಆಕಾಶಕ್ಕೆ ಹೋಗಿಬಿಡುತ್ತದೆ. ಆದರೆ ಜಾಯನ್ ಬಯಲಲ್ಲ. ಎರಡೂ ಕಡೆ ಮರಳುಗಲ್ಲಿನ ಗೋಡೆಗಳು, ಕೆಲವು ಕಡೆ 2,000 ಅಡಿ ಎತ್ತರ. ಇಡೀ ದಿನ ಬಿಸಿಲು ಕುಡಿದ ಆ ಗೋಡೆಗಳು ರಾತ್ರಿಯೆಲ್ಲ ಆ ಕಾವನ್ನು ನಿಮ್ಮ ಮೇಲೆ ಬಿಡುತ್ತಿರುತ್ತವೆ. ಬೆಳಗಿನ ಜಾವಕ್ಕೆ 20 ಡಿಗ್ರಿಗೆ ಇಳಿಯುತ್ತದೆ, ನಿಜ. ಆದರೆ ಮಕ್ಕಳು ಮಲಗುವುದು ಬೆಳಗಿನ ಜಾವ ಅಲ್ಲವಲ್ಲ. ಮೊದಲ ಸಲ ನಾನು ಅಲ್ಲಿ ಜುಲೈನಲ್ಲಿ ಟೆಂಟ್ ಹಾಕಿದಾಗ ರಾತ್ರಿ ಹತ್ತಕ್ಕೆ ಪಿಕ್ನಿಕ್ ಟೇಬಲ್ ಮೇಲೆ ಕೈಯಿಟ್ಟೆ. ಆಗಷ್ಟೇ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಬೆಚ್ಚಗಿತ್ತು. ಒಂದು ಪಂಚೆ ನೆನೆಸಿ ಹಿಂಡಿ ಮೈಮೇಲೆ ಹೊದ್ದು ಮಲಗಿದೆ. ಅರ್ಧ ಗಂಟೆಯಲ್ಲಿ ಪಂಚೆ ಗರಿಗರಿ ಒಣಗಿತ್ತು.

ನನಗಾಗ ಮೂವತ್ತು ಚಿಲ್ಲರೆ ವಯಸ್ಸು, ತಡೆದುಕೊಂಡೆ. ನಿಮ್ಮ ತಂದೆಯವರ ವಿಷಯ ಬೇರೆ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಹೋಗುವಂತೆ ಮಾಡುತ್ತವೆ, ಇನ್ನು ಕೆಲವು ಸೆಖೆಗೆ ದೇಹ ಹೊಂದಿಕೊಳ್ಳುವುದನ್ನು ನಿಧಾನ ಮಾಡುತ್ತವೆ. ಗಾಳಿ ಒಣಗಿರುವುದರಿಂದ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಹಾಗಾಗಿ ಬಾಯಾರಿಕೆಯೂ ತಡವಾಗಿ ಗೊತ್ತಾಗುತ್ತದೆ. ಹೊರಡುವ ಮೊದಲು ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ ಕೇಳಿ: ಸೆಖೆಯಲ್ಲಿ ಏನು ಎಚ್ಚರ, 8,000 ಅಡಿಯಲ್ಲಿ ಏನು ಎಚ್ಚರ. ಎರಡನ್ನೂ ಕೇಳಿ. ಮಾತ್ರೆಯನ್ನು ನೀವೇ ಕಡಿಮೆ ಮಾಡಬೇಡಿ.

ಈಗ ನಿಮ್ಮ ಮನೆಯವರು ಹೇಳುವ ಬ್ರೈಸ್. ಜಾಯನ್‌ನಿಂದ ಸುಮಾರು ಎರಡು ಗಂಟೆಯ ದಾರಿ. ಅಲ್ಲಿ ನಾರ್ತ್, ಸನ್‌ಸೆಟ್ ಎಂದು ಎರಡು ಕ್ಯಾಂಪ್‌ಗ್ರೌಂಡ್. ಎರಡೂ ಪಾಂಡೆರೋಸಾ ಪೈನ್ ಮರಗಳ ನಡುವೆ, ಸುಮಾರು 8,000 ಅಡಿಯಲ್ಲಿ. ನಮ್ಮ ಮುಳ್ಳಯ್ಯನಗಿರಿಯ ತುದಿ 6,330 ಅಡಿ. ಕರ್ನಾಟಕದ ಅತಿ ಎತ್ತರದ ನೆತ್ತಿಗಿಂತ ಇನ್ನೂ 1,600 ಅಡಿ ಮೇಲೆ ನೀವು ಟೆಂಟ್ ಹಾಕುತ್ತೀರಿ. ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಕಡಿಮೆಯಾಗುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಜುಲೈನಲ್ಲಿ ಬ್ರೈಸ್‌ನ ಹಗಲು 27, 28 ಡಿಗ್ರಿ. ರಾತ್ರಿ 8 ಡಿಗ್ರಿಗೆ ಇಳಿಯುವುದು ಹೊಸದೇನಲ್ಲ. ಒಂದೇ ದಿನ, ಎರಡು ಗಂಟೆಯ ದಾರಿ, ಎರಡು ಬೇರೆ ಬೇರೆ ಋತು.

ಹಾಗಂತ ಬ್ರೈಸ್ ಸ್ವರ್ಗ, ಅಲ್ಲಿಗೇ ಹೋಗಿ ಅಂತ ಕಣ್ಣುಮುಚ್ಚಿ ಹೇಳುವುದಿಲ್ಲ. ಸಮುದ್ರಮಟ್ಟದಲ್ಲಿರುವ ಸ್ಯಾನ್ ಹೋಸೆಯಿಂದ ನೇರವಾಗಿ 8,000 ಅಡಿಗೆ ಹೋಗಿ ಮಲಗಿದರೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಇದ್ದದ್ದೇ. ನಡುವೆ ಒಂದು ರಾತ್ರಿ ಐದಾರು ಸಾವಿರ ಅಡಿಯಲ್ಲಿ ತಂಗಿದರೆ ಬಹಳ ವಾಸಿ. ಎರಡನೆಯದು ಸಿಡಿಲು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಇಲ್ಲಿಗೂ ಒಂದು ಮಾನ್ಸೂನ್ ಬರುತ್ತದೆ. ನಮ್ಮ ಜಡಿಮಳೆ ತರಹ ಅಲ್ಲ. ಬೆಳಿಗ್ಗೆ ನೀಲಿ ಆಕಾಶ, ಮಧ್ಯಾಹ್ನ ಎರಡಕ್ಕೆ ಹೂಕೋಸಿನ ಹಾಗೆ ಎದ್ದ ಮೋಡ, ಮೂರಕ್ಕೆ ಗುಡುಗು. ಗುಡುಗು ಕೇಳಿದ ಕೂಡಲೇ ಕಮರಿಯ ಅಂಚು ಬಿಟ್ಟು ಕಾರಿನೊಳಗೆ ಕೂರಬೇಕು. ಟೆಂಟ್ ಸಿಡಿಲಿನಿಂದ ಕಾಪಾಡುವುದಿಲ್ಲ.

ಮೂರನೆಯದು ಕಾಡಿನ ಬೆಂಕಿ. 2025ರ ಜುಲೈನಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ನ ಉತ್ತರ ಅಂಚಿನಲ್ಲಿ ಸಿಡಿಲು ಹೊತ್ತಿಸಿದ ಡ್ರ್ಯಾಗನ್ ಬ್ರೇವೋ ಬೆಂಕಿ ಅಲ್ಲಿನ ಹಳೆಯ ಲಾಡ್ಜನ್ನೇ ಸುಟ್ಟುಹಾಕಿತು. ಹಾಗಾಗಿ ಬೇಸಿಗೆಯಲ್ಲಿ ಕಾಡು ಆರಿಸುವವರು ಬೇರೆ ದಿಕ್ಕಿನಲ್ಲಿ ಇನ್ನೊಂದು ಜಾಗ ಯೋಚಿಸಿಟ್ಟುಕೊಳ್ಳಬೇಕು. ಹೊರಡುವ ಹಿಂದಿನ ದಿನ ಆ ಪಾರ್ಕಿನ ಬೆಂಕಿ ನಿರ್ಬಂಧವನ್ನೂ ನೋಡಿಕೊಳ್ಳಿ. ಸೌದೆ ಬೆಂಕಿ ಬೇಡ ಅಂದಿದ್ದರೆ ಬೇಡ. ಮಕ್ಕಳಿಗೆ ಮಾರ್ಷ್‌ಮೆಲ್ಲೋ ಸುಡಲು ಸಿಗಲಿಲ್ಲ ಅಂತ ಬೇಜಾರಾಗುತ್ತದೆ, ಅಷ್ಟೇ.

ಕರಡಿಯ ಬಗ್ಗೆ ಅಮ್ಮನವರಿಗೆ ಇಷ್ಟು ಹೇಳಿ. ಯೂಟಾದಲ್ಲಿರುವುದು ಕಪ್ಪು ಕರಡಿ ಮಾತ್ರ, ಮನುಷ್ಯರ ಸದ್ದು ಕೇಳಿದರೆ ಸಾಮಾನ್ಯವಾಗಿ ದೂರ ಹೋಗುತ್ತದೆ. ಇಷ್ಟು ವರ್ಷದಲ್ಲಿ ನನ್ನ ಗುಂಪುಗಳ ತಿಂಡಿ ಕದ್ದದ್ದು ಅಳಿಲು, ಇಲಿ, ಡೊಂಬ ಕಾಗೆಯಂಥ ದೊಡ್ಡ ರೇವನ್ ಹಕ್ಕಿ. ಜಾಯನ್‌ನ ಅಳಿಲುಗಳಂತೂ ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಅಳಿಲು ಕಚ್ಚಿದ ಬೆರಳಿನ ಫೋಟೋ ಹಾಕಿ ಪಾರ್ಕಿನವರೇ ಎಚ್ಚರಿಸುತ್ತಾರೆ. ಐದು ವರ್ಷದ ಮಗು ಚಕ್ಕುಲಿ ಹಿಡಿದು ಓಡಾಡುತ್ತಿದ್ದರೆ ಅದನ್ನು ನೋಡಿಕೊಳ್ಳಿ. ತಿಂಡಿ, ಎಣ್ಣೆ, ಟೂತ್‌ಪೇಸ್ಟ್, ಕಸದ ಚೀಲ, ಎಲ್ಲವೂ ರಾತ್ರಿ ಕಾರಿನೊಳಗೆ, ಅಥವಾ ಅಲ್ಲಿ ಕಬ್ಬಿಣದ ಪೆಟ್ಟಿಗೆ ಇಟ್ಟಿದ್ದರೆ ಅದರೊಳಗೆ. ಟೆಂಟಿನಲ್ಲಿ ಒಂದು ಬಿಸ್ಕತ್ತೂ ಬೇಡ.

ಇನ್ನು ನಿಮ್ಮ ಭಯ, ನೀರು. ಈ ಭಯ ಸರಿಯಾದದ್ದೇ, ಜಾಗ ಮಾತ್ರ ಸ್ವಲ್ಪ ತಪ್ಪಿದೆ. ಬಯಲುಸೀಮೆಯಲ್ಲಿ "ಹಳ್ಳ ಬಂತು" ಅಂತೀವಲ್ಲ, ಅದೇ. ಊರಲ್ಲಿ ಒಂದು ಹನಿ ಬಿದ್ದಿರುವುದಿಲ್ಲ, ಮೇಲೆಲ್ಲೋ ಸುರಿದ ಮಳೆ ಒಣಗಿದ ಹಳ್ಳದಲ್ಲಿ ಕೆಂಪಗೆ ಉರುಳಿಕೊಂಡು ಬರುತ್ತದೆ. ಯೂಟಾದಲ್ಲಿ ನೆಲದ ಬಹುಪಾಲು ಬೋಳು ಬಂಡೆ. ಮಳೆನೀರನ್ನು ಹೀರುವ ಮಣ್ಣೇ ಕಡಿಮೆ. ಬಿದ್ದದ್ದೆಲ್ಲ ಹರಿದು ಕಿರಿದಾದ ಸಂದಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟೆಲೋಪ್ ಕ್ಯಾನಿಯನ್‌ನಲ್ಲಿ 11 ಜನ ಸತ್ತದ್ದು ಹೀಗೆ, ಮಳೆ ಸುರಿದದ್ದು ಮೈಲಿಗಟ್ಟಲೆ ದೂರದಲ್ಲಿ. 2015ರ ಸೆಪ್ಟೆಂಬರ್ 14ರಂದು ಜಾಯನ್‌ನ ಕೀಹೋಲ್ ಕ್ಯಾನಿಯನ್‌ನಲ್ಲಿ 7 ಜನ ಹೋದರು.

ಗಮನಿಸಿ, ಇವರೆಲ್ಲ ಇದ್ದದ್ದು ಕಿರಿದಾದ ಸಂದಿ ಕಮರಿಯೊಳಗೆ. ವಾಚ್‌ಮನ್‌ನಂಥ ಪಾರ್ಕಿನ ಕ್ಯಾಂಪ್‌ಗ್ರೌಂಡ್ ಕಮರಿ ಅಗಲವಾಗುವ ಕಡೆ, ನದಿಯ ಪಾತ್ರಕ್ಕಿಂತ ಮೇಲೆ ಇದೆ. ರೇಂಜರ್‌ಗಳು ಓಡಾಡುತ್ತಿರುತ್ತಾರೆ, ಎಚ್ಚರಿಕೆ ಬಂದರೆ ತಿಳಿಸುತ್ತಾರೆ. ಟೆಂಟಿಗೆ ನಿಜವಾದ ಅಪಾಯ ಇರುವುದು ಬುಕಿಂಗ್ ಇಲ್ಲದ ಪುಕ್ಕಟೆ ಸರ್ಕಾರಿ ಜಮೀನಿನಲ್ಲಿ. ಸಂಜೆ ತಡವಾಗಿ ಬರುತ್ತೀರಿ, ಸಮತಟ್ಟಾದ ಮೆತ್ತನೆ ಮರಳು ಕಾಣುತ್ತದೆ, ಗಾಳಿಗೂ ಮರೆ ಇದೆ, ಆಹಾ ಅಂತ ಅಲ್ಲೇ ಟೆಂಟ್ ಹಾಕುತ್ತೀರಿ. ಮರಳು ಅಷ್ಟು ಸಮತಟ್ಟಾಗಿ ಹಾಸಿದ್ದು ಯಾರು? ನೀರೇ. ಅದು ಹಳ್ಳದ ಹಾಸಿಗೆ. ದಂಡೆಯ ಪೊದೆಗಳಲ್ಲಿ ಸೊಂಟದೆತ್ತರಕ್ಕೆ ಕಡ್ಡಿಕಸ ಸಿಕ್ಕಿಕೊಂಡಿದೆಯಾ ನೋಡಿ. ಇದ್ದರೆ ಹೋದ ಸಲ ನೀರು ಅಷ್ಟೆತ್ತರ ಬಂದಿತ್ತು ಅಂತ ಅರ್ಥ.

ವಾಚ್‌ಮನ್ ಪಕ್ಕ ಹರಿಯುವ ವರ್ಜಿನ್ ನದಿಯ ಬಗ್ಗೆ ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಕೆಲವು ವರ್ಷಗಳಿಂದ ಆ ನೀರಿನಲ್ಲಿ ವಿಷ ಬಿಡುವ ಸಯನೋಬ್ಯಾಕ್ಟೀರಿಯಾ ಕಾಣಿಸಿಕೊಳ್ಳುತ್ತಿದೆ. ಪಾರ್ಕಿನ ಬೋರ್ಡ್ ನೋಡದೆ ಮಕ್ಕಳನ್ನು ಇಳಿಸಬೇಡಿ. ಕಾಲು ನೆನೆಸಬಹುದು ಅಂದಿದ್ದರೂ ತಲೆ ಮುಳುಗಿಸುವುದು, ಬಾಯಿಗೆ ನೀರು ಹಾಕಿಕೊಳ್ಳುವುದು ಬೇಡ. ಸೋಸಿದರೂ ಆ ನೀರು ಕುಡಿಯಬೇಡಿ.

ಹಾಗಾದರೆ ಏನು ಮಾಡೋದು? ನಾಲ್ಕು ದಾರಿ ಕಾಣುತ್ತವೆ.

ಒಂದು, ವಾಚ್‌ಮನ್ ಹಾಗೇ ಉಳಿಸಿಕೊಳ್ಳುವುದು. ಅದರ ಅನುಕೂಲ ದೊಡ್ಡದು, ಅದಕ್ಕೇ ಎಲ್ಲರೂ ಮುಗಿಬೀಳುತ್ತಾರೆ. ಕಮರಿಯೊಳಗೆ ಬೇಸಿಗೆಯಲ್ಲಿ ಖಾಸಗಿ ಕಾರು ಬಿಡುವುದಿಲ್ಲ, ಪಾರ್ಕಿನ ಬಸ್ಸಿನಲ್ಲೇ ಹೋಗಬೇಕು, ಆ ಬಸ್ಸಿಗೆ ವಾಚ್‌ಮನ್‌ನಿಂದ ನಡೆದೇ ಹೋಗಬಹುದು. ಏಪ್ರಿಲ್‌ನಲ್ಲೋ ಅಕ್ಟೋಬರ್‌ನಲ್ಲೋ ಆಗಿದ್ದರೆ "ಬಿಡಲೇಬೇಡಿ" ಅನ್ನುತ್ತಿದ್ದೆ. ಜುಲೈಗೆ, ಹಿರಿಯರ ಜೊತೆ ನಾಲ್ಕು ರಾತ್ರಿ, ಬೇಡ.

ಎರಡು, ಜಾಯನ್ ಪಾರ್ಕಿನಲ್ಲೇ ಎತ್ತರಕ್ಕೆ ಹೋಗುವುದು. ಲಾವಾ ಪಾಯಿಂಟ್ ಎಂಬ ಪುಟ್ಟ ಕ್ಯಾಂಪ್‌ಗ್ರೌಂಡ್ ಸುಮಾರು 7,900 ಅಡಿಯಲ್ಲಿದೆ. ತಂಪು, ನಿಶ್ಶಬ್ದ, ನಕ್ಷತ್ರ ಸುರಿಯುತ್ತವೆ. ಆದರೆ ಆರೇ ಸೈಟ್, ಕುಡಿಯುವ ನೀರಿಲ್ಲ, ಮುಖ್ಯ ಕಮರಿಗೆ ಹೋಗಲು ಒಂದು ಗಂಟೆಗಿಂತ ಜಾಸ್ತಿ. ಮಂಡಿನೋವಿನ ಅಮ್ಮನವರಿಗೆ, ನೀರಿನ ಲೆಕ್ಕ ಹಾಕುವ ನಿಮಗೆ, ಇಬ್ಬರಿಗೂ ಕಷ್ಟ.

ಮೂರು, ಬ್ರೈಸ್‌ನಲ್ಲೇ ಎಲ್ಲ ರಾತ್ರಿ ಕಳೆಯುವುದು. ಇದರ ಒಳಿತು ಕೆಡುಕು ಆಗಲೇ ಹೇಳಿದೆ. ಅಲ್ಲಿ ಸೈಟ್ ಸಿಗದಿದ್ದರೆ ಪಕ್ಕದಲ್ಲೇ ಡಿಕ್ಸಿ ನ್ಯಾಷನಲ್ ಫಾರೆಸ್ಟ್ ಇದೆ. ಅದರ ರೆಡ್ ಕ್ಯಾನಿಯನ್ ಕ್ಯಾಂಪ್‌ಗ್ರೌಂಡ್ 7,000 ಅಡಿಗಿಂತ ಮೇಲೆ, ಕೆಂಪು ಬಂಡೆಯೂ ಇದೆ, ಪೈನ್ ಕಾಡೂ ಇದೆ. ಬ್ರೈಸ್ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಅಲ್ಲಿ ರಶ್ ಕಡಿಮೆ.

ನಾಲ್ಕನೆಯದು ನನಗೆ ಇಷ್ಟ: ಕೊಡಾಕ್ರೋಮ್ ಬೇಸಿನ್ ಸ್ಟೇಟ್ ಪಾರ್ಕ್. ಬ್ರೈಸ್‌ನಿಂದ ಸುಮಾರು ಅರ್ಧ ಗಂಟೆ, ಎತ್ತರ 5,800 ಅಡಿ. ಹಗಲು ಬಿಸಿಲಿರುತ್ತದೆ, ಸಂಜೆಗೆ ನಿಜವಾಗಲೂ ತಂಪಾಗುತ್ತದೆ. ಮುಖ್ಯವಾಗಿ ಸ್ನಾನದ ಮನೆ ಇದೆ. ಇದನ್ನು ಚಿಕ್ಕ ವಿಷಯ ಅಂದುಕೊಳ್ಳಬೇಡಿ. ವಾಚ್‌ಮನ್‌ನಲ್ಲಿ ಶವರ್ ಇಲ್ಲ, ಹೊರಗೆ ಊರಿಗೆ ಹೋಗಿ ದುಡ್ಡು ಕೊಟ್ಟು ಸ್ನಾನ ಮಾಡಬೇಕು. ಬೆಳಿಗ್ಗೆ ಸ್ನಾನ ಮಾಡದೆ ಕಾಫಿಯನ್ನೂ ಮುಟ್ಟದ ಹಿರಿಯರನ್ನು ನಾನು ಬಹಳ ನೋಡಿದ್ದೇನೆ. ಎರಡನೇ ದಿನಕ್ಕೆ ಇಡೀ ಪ್ರವಾಸ ಹಾಳಾಗುವುದು ಅಲ್ಲೇ.

ನನ್ನ ಮನೆಯವರಾಗಿದ್ದರೆ ಹೀಗೆ ಮಾಡುತ್ತಿದ್ದೆ. ಸ್ಯಾನ್ ಹೋಸೆಯಿಂದ ಜಾಯನ್‌ಗೆ ಸುಮಾರು 1,100 ಕಿ.ಮೀ. ಇದೆ. ಹೇಗೂ ದಾರಿಯಲ್ಲಿ ಒಂದು ರಾತ್ರಿ ತಂಗಬೇಕು. ಜಾಯನ್ ಹತ್ತಿರದ ಊರಿನಲ್ಲಿ ಎಸಿ ರೂಮಿನಲ್ಲಿ ಇನ್ನೊಂದು ರಾತ್ರಿ. ಬೆಳಿಗ್ಗೆ ಮೊದಲ ಬಸ್ಸಿಗೆ ಕಮರಿಯೊಳಗೆ ಹೋಗಿ, ಹನ್ನೊಂದರೊಳಗೆ ನೋಡಿ ಮುಗಿಸಿ ಹೊರಡುವುದು. ಮಧ್ಯಾಹ್ನ ಕೊಡಾಕ್ರೋಮ್, ಅಲ್ಲಿ ಎರಡು ರಾತ್ರಿ. ಅಲ್ಲಿಂದಲೇ ಬ್ರೈಸ್ ಸೂರ್ಯೋದಯ. ಸನ್‌ರೈಸ್ ಪಾಯಿಂಟ್, ಸನ್‌ಸೆಟ್ ಪಾಯಿಂಟ್ ನಡುವಿನ ದಾರಿಗೆ ಟಾರು ಹಾಕಿದ್ದಾರೆ, ಅರ್ಧ ಮೈಲಿ, ಹೆಚ್ಚು ಏರಿಳಿತ ಇಲ್ಲ. ಅಮ್ಮನವರು ಆರಾಮಾಗಿ ನಡೆಯುತ್ತಾರೆ. ಎಲ್ಲರೂ ಚೆನ್ನಾಗಿದ್ದರೆ ಕೊನೆಯ ರಾತ್ರಿ ಬ್ರೈಸ್ ಅಥವಾ ರೆಡ್ ಕ್ಯಾನಿಯನ್ ಕಾಡಿನಲ್ಲಿ. ಟೆಂಟಿನ ಆಸೆಯೂ ತೀರಿತು, ನಿಮ್ಮ ಮನೆಯವರ ಕಾಡೂ ಸಿಕ್ಕಿತು. ವಾಚ್‌ಮನ್ ಬುಕಿಂಗ್ ರದ್ದು ಮಾಡಿದರೆ 10 ಡಾಲರ್ ಹೋಗುತ್ತದೆ. ತೀರಾ ಕೊನೆಯ ಗಳಿಗೆಯಲ್ಲಿ ರದ್ದು ಮಾಡಿದರೆ ಮೊದಲ ರಾತ್ರಿಯ ಬಾಡಿಗೆಯೂ ಹೋಗುತ್ತದೆ, ಆದ್ದರಿಂದ ಈಗಲೇ ಮಾಡಿ.

ಸೈಟ್ ನಂಬರ್ ಆರಿಸುವಾಗ ಬುಕಿಂಗ್ ಪುಟದ ಫೋಟೋ ಸಾಲದು. ಉಪಗ್ರಹದ ಚಿತ್ರ ತೆಗೆದು ಉತ್ತರ ಯಾವ ಕಡೆ ನೋಡಿ. ಬಿಸಿಲು ಸೀಮೆಯಲ್ಲಿ ಸೈಟಿನ ಪಶ್ಚಿಮಕ್ಕೆ ಮರವೋ ಬಂಡೆಯೋ ಇರಬೇಕು, ಸಂಜೆ ಬೇಗ ನೆರಳು ಬೀಳುತ್ತದೆ. ಚಳಿ ಸೀಮೆಯಲ್ಲಿ ಪೂರ್ವ ತೆರೆದಿರಬೇಕು, ಬೆಳಿಗ್ಗೆ ಬೇಗ ಬಿಸಿಲು ಬೀಳುತ್ತದೆ. ಜನ ಎಲ್ಲ ಕಡೆ "ಒಳ್ಳೆ ನೆರಳಿರೋ ಸೈಟ್" ಅಂತಲೇ ಹುಡುಕುತ್ತಾರೆ. ಬ್ರೈಸ್‌ನಲ್ಲಿ ಪೂರ್ತಿ ನೆರಳಿನ ಸೈಟ್ ಹಿಡಿದು ಬೆಳಿಗ್ಗೆ ಒಂಬತ್ತರವರೆಗೆ ನಡುಗಿದ್ದೇನೆ. ಚಳಿ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಆದ್ದರಿಂದ ಹುಲ್ಲುಗಾವಲಿನ ತಗ್ಗಿಗಿಂತ ಸ್ವಲ್ಪ ದಿಬ್ಬದ ಮೇಲಿನ ಸೈಟ್ ವಾಸಿ. ಜಾಗಕ್ಕೆ ಹೋದ ಮೇಲೆ ಮೊದಲು ತಲೆಯೆತ್ತಿ ನೋಡಿ. ಒಣಗಿದ ಮರ, ಮುರಿದು ನೇತಾಡುವ ಕೊಂಬೆ ಇದ್ದರೆ ಅದರ ಕೆಳಗೆ ಟೆಂಟ್ ಬೇಡ. ಶೌಚಾಲಯದಿಂದ ಮೂರ್ನಾಲ್ಕು ಸೈಟ್ ದೂರ ಇರಲಿ. ರಾತ್ರಿ ಎದ್ದು ಹೋಗುವಷ್ಟು ಹತ್ತಿರ, ಬಾಗಿಲು ಬಡಿಯುವ ಸದ್ದು ಕೇಳದಷ್ಟು ದೂರ. ಕಾಡಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಕೆಲವು ಶೌಚಾಲಯಗಳು ಬರೀ ಗುಂಡಿ ಮೇಲೆ ಕಟ್ಟಿದವು, ನಲ್ಲಿಯೇ ಇರುವುದಿಲ್ಲ. ಕಾರಿನಲ್ಲಿ ಒಂದು ಚೊಂಬು, ಒಂದು ಕ್ಯಾನ್ ನೀರು ಇದ್ದರೆ ಅಪ್ಪ ಅಮ್ಮ ಇಬ್ಬರಿಗೂ ನೆಮ್ಮದಿ.

ಹಾಸಿಗೆ ವಿಷಯ. ಬ್ರೈಸ್‌ನಲ್ಲಿ ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಮನೆಗೆ ನೆಂಟರು ಬಂದಾಗ ಉಬ್ಬಿಸುವ ದಪ್ಪ ಗಾಳಿ ಹಾಸಿಗೆ ಇಲ್ಲಿ ದಂಡ. ಒಳಗಿನ ಗಾಳಿ ತಣ್ಣಗಾಗಿ ರಾತ್ರಿಯೆಲ್ಲ ಬೆನ್ನು ಕೊರೆಯುತ್ತದೆ. ಮಂಡಿನೋವಿನವರಿಗೆ ನೆಲದಿಂದ ಏಳುವುದೇ ಕಷ್ಟ, ಮಡಚುವ ಮಂಚ ತಗೊಂಡು ಅದರ ಮೇಲೆ ಫೋಮ್ ಹಾಸಿ. ಸ್ಲೀಪಿಂಗ್ ಬ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಬರೆದ ಉಷ್ಣತೆ ಬಹಳ ಸಲ ಹೇಗೋ ರಾತ್ರಿ ಕಳೆಯಬಹುದಾದ ಮಟ್ಟ. ಸುಖವಾಗಿ ನಿದ್ದೆ ಬರುವ ಮಟ್ಟವನ್ನು ಬೇರೆಯಾಗಿ ಸಣ್ಣದಾಗಿ ಬರೆದಿರುತ್ತಾರೆ, ಅದನ್ನು ನೋಡಿ. ನಿಮ್ಮ ತಂದೆಯವರು ಮಂಕಿ ಟೋಪಿ ತಂದಿದ್ದರೆ ನಗಬೇಡಿ. ರಾತ್ರಿ ಎರಡು ಗಂಟೆಗೆ ನೀವೇ ಕೇಳುತ್ತೀರಿ.

ದುಡ್ಡಿನ ಒಂದು ಮಾತು. 2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಜಾಯನ್, ಬ್ರೈಸ್ ಸೇರಿ 11 ನ್ಯಾಷನಲ್ ಪಾರ್ಕುಗಳಲ್ಲಿ ಮಾಮೂಲಿ ಪ್ರವೇಶ ಶುಲ್ಕದ ಮೇಲೆ ತಲೆಗೆ 100 ಡಾಲರ್ ಜಾಸ್ತಿ ಇದೆ. ಅದರ ಬದಲು 250 ಡಾಲರಿನ ವಾರ್ಷಿಕ ಪಾಸ್ ಸಿಗುತ್ತದೆ. ಹಿರಿಯರಿಗೆ ಅಗ್ಗದಲ್ಲಿ ಕೊಡುವ ಪಾಸ್ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಿಗುವುದಿಲ್ಲ. ಕೊಡಾಕ್ರೋಮ್ ರಾಜ್ಯದ ಪಾರ್ಕ್, ಅದರ ಲೆಕ್ಕ ಬೇರೆ.

ಕುಕ್ಕರ್. ತಗೊಂಡು ಹೋಗಿ, ಹೋಗಲೇಬೇಕು. 8,000 ಅಡಿಯಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಇಟ್ಟು ಕೂತರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಮನೆಯಲ್ಲಿ ಮೂರು ಕೂಗಿಸುವವರು ಅಲ್ಲಿ ನಾಲ್ಕೈದು ಕೂಗಿಸಿ. ಬೆನ್ನುಚೀಲದವರ ಪುಟ್ಟ ಸ್ಟವ್ ಮೇಲೆ ಕುಕ್ಕರ್ ಇಡಬೇಡಿ, ವಾಲಿ ಬೀಳುತ್ತದೆ. ಎರಡು ಬರ್ನರಿನ ಚಪ್ಪಟೆ ಸ್ಟವ್ ಬೇಕು. ಮಳೆ ಬಂದರೂ, ಚಳಿಯಾದರೂ ಅದನ್ನು ಟೆಂಟಿನೊಳಗೆ ತರಬೇಡಿ. ಸ್ಟವ್ ಉರಿಯುವಾಗ ಬರುವ ವಿಷಾನಿಲ ಇಂಗಾಲದ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಸಾಯಂಕಾಲ ಏಳರೊಳಗೆ ಅಡುಗೆ ಮುಗಿಸಿ, ಪಾತ್ರೆ ತೊಳೆದ ನೀರನ್ನು ಸೋಸಿ ಅನ್ನದಗುಳನ್ನು ಕಸಕ್ಕೆ ಹಾಕಿ. ಮರದ ಬುಡಕ್ಕೆ ಚೆಲ್ಲಿದರೆ ರಾತ್ರಿ ಇಲಿಗಳ ಮದುವೆ ಊಟ ನಡೆಯುತ್ತದೆ.

ಪಕ್ಕದ ಸೈಟಿನವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ. ನಾನೊಮ್ಮೆ ಹೇಳದೆ ಸುಮ್ನೆ ಕುಕ್ಕರ್ ಇಟ್ಟಿದ್ದೆ. ಎರಡನೇ ಕೂಗಿಗೆ ಒಬ್ಬ ಅಜ್ಜ ಚಪ್ಪಲಿಯನ್ನೂ ಹಾಕದೆ ಓಡಿ ಬಂದು, "ಸಿಲಿಂಡರ್ ಸಿಡಿಯುತ್ತಿದೆ, ಮಕ್ಕಳನ್ನು ಕರೆದುಕೊಂಡು ದೂರ ಹೋಗಿ" ಎಂದು ಕೂಗಿದ್ದರು. ಆಮೇಲೆ ನಮ್ಮ ಜೊತೆಯೇ ಕೂತು ಎರಡು ಸಲ ಸಾರನ್ನ ಹಾಕಿಸಿಕೊಂಡರು.